ಚುಚ್ಚುಮದ್ದು ಹಾಕಿದ ಕೇಂದ್ರವೇ ಅದರ ದಾಖಲೆಯನ್ನೂ ಕೊಡಲಿ

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೆ, ಎರಡೂ ಜಿಲ್ಲೆಗಳ ಆರ್.ಸಿ.ಎಚ್. (ಸಂತಾನೋತ್ಪತ್ತಿ ಮತ್ತು ಮಕ್ಕಳ ಆರೋಗ್ಯ) ಅಧಿಕಾರಿಗಳಿಗೆ, ಹಾಗೂ ಮದುವೆಯಾಗಿ ಹೊರದೇಶಕ್ಕೆ ಹೊರಟಿರುವವರ ಮನೆಯವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಾನು ಸಕಲೇಶಪುರ ತಾಲ್ಲೂಕಿನ ಒಂದು ಸಣ್ಣ ಕಾಫಿ ಬೆಳೆಗಾರರ ಮನೆಯ ಮಗಳು. ಹುಟ್ಟಿದ್ದು 1996ರಲ್ಲಿ. ಹಾಸನದ ಒಂದು ಪ್ರೌಢಶಾಲೆಯಲ್ಲಿ ಆರು ವರ್ಷ ವಿಜ್ಞಾನ ಪಾಠ ಮಾಡಿದ್ದೇನೆ. ನನ್ನ ಪತಿ ಅರಕಲಗೂಡು ಕಡೆಯವರು. ಓದಲೆಂದು ಅಮೆರಿಕಕ್ಕೆ ಹೋಗಿ, ಅಲ್ಲಿಯೇ ಕೆಲಸಕ್ಕೆ ಸೇರಿ, ಈಗ ಆ ದೇಶದ ಪೌರರಾಗಿದ್ದಾರೆ. ನಮ್ಮ ಮದುವೆಯಾದ ಮೇಲೆ ಅವರು ನನಗಾಗಿ ಸಲ್ಲಿಸಿದ ವಲಸೆ ಅರ್ಜಿ ಒಂದೊಂದೇ ಮೇಜು ದಾಟಿ, ಕಳೆದ ಮಳೆಗಾಲದಲ್ಲಿ ಮುಂಬೈನ ಅಮೆರಿಕ ದೂತಾವಾಸದ ಸಂದರ್ಶನದವರೆಗೆ ಬಂದಿತು. ಆ ಸಂದರ್ಶನಕ್ಕೆ ಮುಂಚೆ ದೂತಾವಾಸ ಗೊತ್ತುಮಾಡಿದ ವೈದ್ಯರ ಬಳಿ ದೇಹಪರೀಕ್ಷೆ ಮಾಡಿಸಿಕೊಳ್ಳಬೇಕು. ಆ ಪರೀಕ್ಷೆಯ ಒಂದು ಭಾಗ ಲಸಿಕೆಗಳ ತಪಾಸಣೆ. ನನ್ನ ವೀಸಾ ಬಂದಿದೆ, ನನಗೆ ಇನ್ನು ಆಗಬೇಕಾದ ಕೆಲಸವೇನೂ ಉಳಿದಿಲ್ಲ. ಆದರೂ ಈ ಪತ್ರ ಬರೆಯುತ್ತಿರುವುದಕ್ಕೆ ಕಾರಣವೆಂದರೆ, ನಮ್ಮ ಎರಡು ಜಿಲ್ಲೆಗಳಿಂದ ನನ್ನ ಹಿಂದೆಯೇ ಹೊರಟಿರುವ ಹಲವು ಹೆಣ್ಣುಮಕ್ಕಳು, ಕೆಲವು ಗಂಡುಮಕ್ಕಳೂ, ನಾನು ಅಲೆದ ಬಾಗಿಲುಗಳಿಗೇ ಅಲೆಯುತ್ತಿರುವುದನ್ನು ಕಣ್ಣಾರೆ ಕಂಡಿದ್ದೇನೆ. ಅದನ್ನು ತಪ್ಪಿಸುವುದು ತಮ್ಮ ಇಲಾಖೆಯ ಕೈಯಲ್ಲಿದೆ.

ಮೊದಲು ನಿಯಮವೇನೆಂದು ಹೇಳುತ್ತೇನೆ, ಏಕೆಂದರೆ ಇದರ ಬಗ್ಗೆ ನಮ್ಮಲ್ಲಿ ಹಬ್ಬಿರುವ ಮಾತುಗಳಲ್ಲಿ ಅರ್ಧಕ್ಕರ್ಧ ತಪ್ಪು. ವಲಸೆ ವೀಸಾದ ಮೇಲೆ ಬರುವವರು ಲಸಿಕೆ ಹಾಕಿಸಿಕೊಂಡಿರುವುದಕ್ಕೆ ದಾಖಲೆ ತೋರಿಸಬೇಕೆಂಬ ಶರತ್ತನ್ನು ಅಮೆರಿಕದ ಸಂಸತ್ತು ತನ್ನ ವಲಸೆ ಕಾನೂನಿಗೆ ಸೇರಿಸಿದ್ದು 1996ರಲ್ಲಿ, ಅಂದರೆ ನಾನು ಹುಟ್ಟಿದ ವರ್ಷವೇ. ದಡಾರ, ಮಂಗನಬಾವು, ರುಬೆಲ್ಲಾ, ಪೋಲಿಯೊ, ಧನುರ್ವಾಯು, ಗಂಟಲುಮಾರಿ, ನಾಯಿಕೆಮ್ಮು, ಹೆಪಟೈಟಿಸ್ ಬಿ, ಕೂಸುಗಳಿಗೆ ಮೆದುಳುಜ್ವರ ತರುವ ಹಿಬ್ ಇವುಗಳ ಹೆಸರು ಕಾನೂನಿನಲ್ಲೇ ಇದೆ. ಉಳಿದವುಗಳನ್ನು ಆ ದೇಶದ ರೋಗನಿಯಂತ್ರಣ ಸಂಸ್ಥೆ ಕಾಲಕಾಲಕ್ಕೆ ಸೇರಿಸುತ್ತದೆ, ತೆಗೆಯುತ್ತದೆ. ಎಲ್ಲವೂ ಎಲ್ಲರಿಗೂ ಅಲ್ಲ, ವಯಸ್ಸಿಗೆ ತಕ್ಕಂತೆ. ನನ್ನ ವಯಸ್ಸಿನವರಿಗೆ ಮುಖ್ಯವಾಗಿ ಕೇಳುವುದು ಎಂ.ಎಂ.ಆರ್., ಅಂದರೆ ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿದ ಲಸಿಕೆ, ಟಿ.ಡಿ. (ಧನುರ್ವಾಯು, ಗಂಟಲುಮಾರಿ ಎರಡಕ್ಕೂ) ಅಥವಾ ಟಿಡ್ಯಾಪ್ (ಅವೆರಡರ ಜೊತೆ ನಾಯಿಕೆಮ್ಮಿಗೂ), ಸೀತಾಳೆ ಸಿಡುಬಿನ (ಚಿಕನ್‌ಪಾಕ್ಸ್) ಲಸಿಕೆ, ಅಂದರೆ ನಮ್ಮ ಕಡೆ ‘ಅಮ್ಮ ಆಗುವುದು’ ಎನ್ನುವ ಆ ಕಾಯಿಲೆಯದು, ಮತ್ತು ಹೆಪಟೈಟಿಸ್ ಬಿ. ಫ್ಲೂ ಹರಡುವ ಕಾಲದಲ್ಲಿ ಹೋದರೆ ಅದೂ ಒಂದು. ಮದುವೆಗೆ ಮೊದಲೇ, ನಿಶ್ಚಿತಾರ್ಥವಾದವರೆಂಬ ವೀಸಾದ ಮೇಲೆ ಹೋಗುವವರಿಗೆ ಈ ತಪಾಸಣೆ ಆ ಹಂತದಲ್ಲಿ ಕಡ್ಡಾಯವಲ್ಲ. ಮದುವೆಯಾಗಿ ಹೆಂಡತಿಯಾಗಿಯೋ ಗಂಡನಾಗಿಯೋ ಹೋಗುವವರಿಗೆ ಕಡ್ಡಾಯ. ಪಕ್ಕದ ಮನೆಯ ಹುಡುಗಿಗೆ ಕೇಳಲಿಲ್ಲ, ನಮಗೆ ಮಾತ್ರ ಏಕೆ ಎಂಬ ಗೊಂದಲ ಹುಟ್ಟುವುದು ಬಹಳಮಟ್ಟಿಗೆ ಇಲ್ಲಿಂದಲೇ.

ಈ ಕಾನೂನಿನಲ್ಲಿ ಬಾಯಿಮಾತಿಗೆ ಬೆಲೆಯಿಲ್ಲ. ಯಾವ ಲಸಿಕೆ, ಯಾವ ದಿನಾಂಕ, ಯಾರು ಹಾಕಿದರು ಎಂಬುದು ಬರವಣಿಗೆಯಲ್ಲಿ ಇರಬೇಕು. ನನ್ನ ತೊಂದರೆ ಶುರುವಾದದ್ದು ಅಲ್ಲಿ.

ನನ್ನ ಅವ್ವ ತನ್ನ ಮೂವರು ಮಕ್ಕಳಲ್ಲಿ ಒಬ್ಬರಿಗೂ ಒಂದು ಚುಚ್ಚುಮದ್ದನ್ನೂ ತಪ್ಪಿಸಿದವಳಲ್ಲ. ಮಳೆ ಹಿಡಿದರೆ ವಾರಗಟ್ಟಲೆ ಬಿಡದ ಊರು ನಮ್ಮದು; ಕಂಬಳಿ ಕೊಪ್ಪೆ ಹಾಕಿಕೊಂಡು, ಕೂಸನ್ನು ಎದೆಗೆ ಅವಚಿಕೊಂಡು, ಎರಡೂವರೆ ಮೈಲಿ ಕೆಸರು ತುಳಿದು ಉಪಕೇಂದ್ರಕ್ಕೆ ಹೋಗಿ ಬರುತ್ತಿದ್ದಳು. ದಾಖಲೆ ಬೇಕೆಂದು ಹೇಳಿದ ದಿನ ಅವಳು ಅಟ್ಟದ ಮೇಲಿನ ಟ್ರಂಕನ್ನು ಇಳಿಸಿ, ಮದುವೆಯ ಸೀರೆಯ ಮಡಿಕೆಯೊಳಗಿಂದ ಒಂದು ಹಳದಿ ಕಾರ್ಡನ್ನು ತೆಗೆದುಕೊಟ್ಟಳು. ನಾಲ್ಕಾಗಿ ಮಡಚಿದ್ದ ಆ ಕಾರ್ಡು ಮಡಿಕೆಯ ಗೆರೆಯಲ್ಲೇ ಹರಿದು ಎರಡು ತುಂಡಾಗಿತ್ತು. ಒಂದು ತುಂಡಿನಲ್ಲಿ ನನ್ನ ಹೆಸರಿತ್ತು, ಅವ್ವನ ಹೆಸರಿತ್ತು, ಕ್ಷಯ ತಡೆಯುವ ಬಿ.ಸಿ.ಜಿ. ಎದುರು ಒಂದು ಸರಿ ಗುರುತಿತ್ತು. ಚುಚ್ಚುಮದ್ದುಗಳ ದಿನಾಂಕಗಳಿದ್ದ ಇನ್ನೊಂದು ತುಂಡಿನ ಮೇಲೆ ಸೋರಿದ ನೀರು ಹರಿದು ನೀಲಿ ಶಾಯಿಯೆಲ್ಲ ಒಂದೇ ಮಸಕು ಮೋಡವಾಗಿತ್ತು. ಬೆಳಕಿಗೆ ಹಿಡಿದು ನೋಡಿದಾಗ ‘97’ ಎಂಬ ಎರಡು ಅಂಕಿಗಳು ಮಾತ್ರ ಕಂಡವು. “ನಿನ್ ತೋಳ್ ಮೇಲೆ ಗುರ್ತು ಐತಲ್ಲವ್ವ, ಅದ್ನೇ ತೋರ್ಸು,” ಎಂದಳು ಅವ್ವ. ತೋಳಿನ ಮೇಲಿನ ಗುರುತು ಬಿ.ಸಿ.ಜಿ.ಯದು. ಅದನ್ನು ಅಮೆರಿಕದವರು ಕೇಳುವುದೇ ಇಲ್ಲವೆಂದು ಅವಳಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ಕಾರ್ಡು ಹೋದರೇನಂತೆ, ಚುಚ್ಚುಮದ್ದು ಹಾಕಿದವರ ಪುಸ್ತಕದಲ್ಲಿ ಇರಬೇಕಲ್ಲ ಎಂದುಕೊಂಡು ನಮ್ಮ ಭಾಗದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದೆ. ಅಲ್ಲಿಯ ಸಿಸ್ಟರ್ ನನ್ನನ್ನು ಒಂದು ಮಾತೂ ಗದರಲಿಲ್ಲ, ಬರಬೇಡ ಎನ್ನಲಿಲ್ಲ. ಲಸಿಕೆಯ ದಿನದ ನೂಕುನುಗ್ಗಲು ಮುಗಿದ ಮೇಲೆ ತಾವೇ ಬೀರುವಿನ ಕೆಳಗಿನ ಅರೆಯಿಂದ ರಿಜಿಸ್ಟರುಗಳನ್ನು ಎಳೆದು, ಧೂಳು ಕೊಡವಿ, ನನ್ನ ಜೊತೆ ನೆಲದ ಮೇಲೆ ಕುಳಿತು ಹುಡುಕಿದರು. ಸಿಕ್ಕ ಅತ್ಯಂತ ಹಳೆಯ ಪುಸ್ತಕ 2008ರದು. ಅದಕ್ಕಿಂತ ಹಿಂದಿನವು ಹಳೆಯ ಕಟ್ಟಡದಲ್ಲಿದ್ದಾಗ ಗೆದ್ದಲು ಹಿಡಿದು ಹೋದವಂತೆ. “ಇದ್ದಿದ್ರೂ ಏನ್ ಮಾಡೋದು ಮೇಡಂ, ಬರ್ದು ಸೀಲ್ ಹಾಕ್ಕೊಡೋಕೆ ನಮ್ಗೊಂದು ಫಾರಂ ಅಂತ ಇಲ್ಲ,” ಎಂದು ಅವರು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ. ಈ ಪತ್ರದ ತಿರುಳೂ ಅದೇ. ಗೆದ್ದಲು ತಿಂದದ್ದಕ್ಕೆ ಯಾರ ಮೇಲೂ ತಪ್ಪು ಹೊರಿಸಲಾಗದು. ಫಾರಂ ಇಲ್ಲದಿರುವುದು ಮಾತ್ರ ಸರಿಪಡಿಸಬಹುದಾದ ಕೊರತೆ.

ಅದೇ ವಾರ ನಾಡಕಚೇರಿಯಲ್ಲಿ ನನ್ನ ಜನನ ಪ್ರಮಾಣಪತ್ರದ ಪ್ರತಿ ಸಿಕ್ಕಿತು. ಅಪ್ಪನಿಗೆ ತೋಟದ ಪಹಣಿ ಸಿಕ್ಕಿತು. ಕಂದಾಯ ಇಲಾಖೆ ಹಳೆಯ ಭೂದಾಖಲೆಗಳನ್ನೆಲ್ಲ ಭೂಸುರಕ್ಷಾ ಯೋಜನೆಯಲ್ಲಿ ಸ್ಕ್ಯಾನ್ ಮಾಡಿಸುತ್ತಿದೆ. ಮುತ್ತಜ್ಜನ ಕಾಲದ ಕಾಗದವೂ ಇನ್ನು ಕಳೆದುಹೋಗದು. ಜಮೀನಿನ ವಿಷಯದಲ್ಲಿ ನಮ್ಮ ಸರ್ಕಾರಕ್ಕೆ ಸಾಧ್ಯವಾದದ್ದು ಮನುಷ್ಯರ ಮೈಗೆ ಸಂಬಂಧಿಸಿದ ದಾಖಲೆಯಲ್ಲಿ ಏಕೆ ಆಗಬಾರದು?

ಇನ್ನು, ದಾಖಲೆ ಸಿಕ್ಕಿದ್ದರೂ ನನ್ನ ಕೊರತೆ ಪೂರ್ತಿ ತುಂಬುತ್ತಿರಲಿಲ್ಲ ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ದೇಶದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ 1985ರಲ್ಲಿ ಶುರುವಾಯಿತು. ನಾನು ಕೂಸಾಗಿದ್ದಾಗ ಅದರಲ್ಲಿ ಇದ್ದದ್ದು ಬಿ.ಸಿ.ಜಿ., ಡಿ.ಪಿ.ಟಿ. (ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ಮೂರಕ್ಕೂ ಸೇರಿದ್ದು), ಪೋಲಿಯೊ ಹನಿ ಮತ್ತು ಒಂಬತ್ತು ತಿಂಗಳಿಗೆ ಒಂದೇ ಒಂದು ದಡಾರದ ಚುಚ್ಚುಮದ್ದು. ದಡಾರದ ಎರಡನೆಯ ಡೋಸ್ ಸೇರಿದ್ದು 2010ರಿಂದ ಈಚೆಗೆ. ಹೆಪಟೈಟಿಸ್ ಬಿ ದೇಶಕ್ಕೆಲ್ಲ ವಿಸ್ತರಿಸಿದ್ದು 2011ರಲ್ಲಿ. ದಡಾರ ಮತ್ತು ರುಬೆಲ್ಲಾ ಸೇರಿದ ಎಂ.ಆರ್. ಲಸಿಕೆಯ ಅಭಿಯಾನ ದೇಶದಲ್ಲೇ ಮೊದಲು ಆರಂಭವಾದ ಕೆಲವು ರಾಜ್ಯಗಳಲ್ಲಿ ಕರ್ನಾಟಕವೂ ಒಂದು, 2017ರ ಫೆಬ್ರುವರಿಯಲ್ಲಿ. ಆದರೆ ಅದು ಒಂಬತ್ತು ತಿಂಗಳು ತುಂಬಿದ, ಹದಿನೈದು ವರ್ಷದೊಳಗಿನ ಮಕ್ಕಳಿಗೆ. ಆಗ ನನಗೆ ಇಪ್ಪತ್ತು ದಾಟಿತ್ತು. ಬಿ.ಇಡಿ. ಓದುವಾಗ ತರಬೇತಿಗೆಂದು ಹೋಗಿದ್ದ ಶಾಲೆಯಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಅಳುವವರನ್ನು ಸಮಾಧಾನ ಮಾಡಿ, ಚುಚ್ಚುಮದ್ದಾದವರ ಹೆಬ್ಬೆರಳಿಗೆ ಗುರುತು ಹಾಕಿಸುವ ಕೆಲಸಕ್ಕೆ ಕೈಜೋಡಿಸಿದವರಲ್ಲಿ ನಾನೂ ಇದ್ದೆ. ಆ ಮಕ್ಕಳಿಗೆ ಸಿಕ್ಕ ರಕ್ಷಣೆ ನನಗಿಲ್ಲವೆಂದು ಅಂದು ಹೊಳೆಯಲಿಲ್ಲ. ಮಂಗನಬಾವಿನ ಲಸಿಕೆಯಾಗಲಿ, ಸೀತಾಳೆ ಸಿಡುಬಿನ ಲಸಿಕೆಯಾಗಲಿ ನಮ್ಮ ಸರ್ಕಾರಿ ಪಟ್ಟಿಯಲ್ಲಿ ಇಂದಿಗೂ ಇಲ್ಲ. ಹೀಗಾಗಿ ತೊಂಬತ್ತರ ದಶಕದಲ್ಲಿ ಹುಟ್ಟಿ, ಈಗ ಮದುವೆಯಾಗಿ ಹೊರಡುತ್ತಿರುವ ನಮ್ಮ ಇಡೀ ತಲೆಮಾರು, ಅಪ್ಪ ಅಮ್ಮ ಎಷ್ಟೇ ಎಚ್ಚರದಿಂದ ಚುಚ್ಚುಮದ್ದು ಹಾಕಿಸಿದ್ದರೂ, ಆ ಪಟ್ಟಿಯ ಮುಂದೆ ನಿಂತಾಗ ಅರೆಬರೆಯೇ.

ಮೂರು ವರ್ಷಗಳ ಹಿಂದೆ ತೋಟದಲ್ಲಿ ಕಳೆ ಸವರುವಾಗ ಕತ್ತಿ ತಾಗಿ ಕಾಲು ಸೀಳಿತ್ತು. ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಹೊಲಿಗೆ ಹಾಕಿ ಟಿ.ಟಿ. ಕೊಟ್ಟಿದ್ದರು, ಚೀಟಿ ನನ್ನ ಬಳಿ ಜೋಪಾನವಾಗಿತ್ತು. ಇದೊಂದಾದರೂ ಸಿಕ್ಕಿತಲ್ಲ ಎಂದುಕೊಂಡಿದ್ದೆ. ಆದರೆ ಟಿ.ಟಿ.ಯಲ್ಲಿ ಇರುವುದು ಧನುರ್ವಾಯುವಿನ ರಕ್ಷಣೆ ಮಾತ್ರ. ಅಲ್ಲಿ ಕೇಳುವುದು ಗಂಟಲುಮಾರಿಯದೂ ಸೇರಿದ ಟಿ.ಡಿ. ನಮ್ಮ ಸರ್ಕಾರಿ ಕಾರ್ಯಕ್ರಮವೇ ಟಿ.ಟಿ.ಯನ್ನು ಬಿಟ್ಟು ಟಿ.ಡಿ.ಗೆ ಬದಲಾಗಿ ವರ್ಷಗಳಾದವು. ಆ ಕ್ಲಿನಿಕ್ಕಿನವರು ಅಂದು ಟಿ.ಡಿ. ಕೊಟ್ಟು, ಅದರ ಪೂರ್ತಿ ಹೆಸರನ್ನೂ ಬ್ಯಾಚ್ ಸಂಖ್ಯೆಯನ್ನೂ ಬರೆದಿದ್ದರೆ ನನಗೆ ಒಂದು ಸೂಜಿ ಉಳಿಯುತ್ತಿತ್ತೇನೋ. ಇದಕ್ಕೆ ತದ್ವಿರುದ್ಧವಾಗಿ ನನ್ನ ಕೋವಿಡ್ ಲಸಿಕೆಯ ಪ್ರಮಾಣಪತ್ರ ಎರಡು ನಿಮಿಷದಲ್ಲಿ ಕೈಗೆ ಬಂತು: ಲಸಿಕೆಯ ಹೆಸರು, ದಿನಾಂಕ, ಹಾಕಿದ ಜಾಗ ಎಲ್ಲವೂ ಅಚ್ಚಾಗಿ. ಆದರೆ 2021ರ ಅಕ್ಟೋಬರ್‌ನಿಂದ ವಲಸೆ ಪರೀಕ್ಷೆಯಲ್ಲಿ ಕೇಳುತ್ತಿದ್ದ ಆ ಲಸಿಕೆಯನ್ನು 2025ರಲ್ಲಿ ಕೈಬಿಡಲಾಗಿದೆ. ಒಪ್ಪವಾಗಿದ್ದ ಒಂದೇ ಒಂದು ದಾಖಲೆಯನ್ನು ಯಾರೂ ಕೇಳಲಿಲ್ಲ. ಆದರೆ ಮನಸ್ಸು ಮಾಡಿದರೆ ನಮ್ಮ ವ್ಯವಸ್ಥೆ ಕೋಟಿಗಟ್ಟಲೆ ಜನರಿಗೆ ದಾಖಲೆ ಕೊಡಬಲ್ಲದು ಎಂಬುದಕ್ಕೆ ಆ ಕಾಗದವೇ ಸಾಕ್ಷಿ.

ನನಗೆ ಒಂಬತ್ತನೆಯ ವಯಸ್ಸಿನಲ್ಲಿ ಅಮ್ಮ ಆಗಿತ್ತು. ಬೇವಿನ ಸೊಪ್ಪಿನ ಮೇಲೆ ಮಲಗಿಸಿದ್ದು, ಮನೆಯಲ್ಲಿ ಒಗ್ಗರಣೆ ಹಾಕದೆ ಇದ್ದದ್ದು, ಏಳನೆಯ ದಿನ ಅರಿಸಿನ ಬೇವಿನ ನೀರು ಹೊಯ್ದದ್ದು ನನಗೆ ಚೆನ್ನಾಗಿ ನೆನಪಿದೆ. ಎಡಹುಬ್ಬಿನ ಕೆಳಗೆ ಒಂದು ಕುಳಿ ಇನ್ನೂ ಇದೆ. ಒಮ್ಮೆ ಬಂದು ಹೋದವರಿಗೆ ಈ ಲಸಿಕೆ ಬೇಕಾಗುವುದಿಲ್ಲ. ಆದರೆ ಅಂದು ನಾವು ವೈದ್ಯರ ಬಳಿಗೆ ಹೋಗಿರಲಿಲ್ಲ, ಹಾಗಾಗಿ ಚೀಟಿಯಿಲ್ಲ. ಇದಕ್ಕೊಂದು ದಾರಿ ಇದೆಯೆಂದು ತಿಳಿದದ್ದು ನನ್ನ ಜೊತೆ ಓದಿದ, ಈಗ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಗೆಳತಿಯಿಂದ. ರಕ್ತದಲ್ಲಿ ಆ ಕಾಯಿಲೆಯ ವಿರುದ್ಧದ ಪ್ರತಿಕಾಯ ಇದೆಯೇ ಎಂದು ನೋಡುವ ಐ.ಜಿ.ಜಿ. ಪರೀಕ್ಷೆಯ ವರದಿಯನ್ನು ಲಸಿಕೆಯ ದಾಖಲೆಗೆ ಬದಲಾಗಿ ಒಪ್ಪುತ್ತಾರೆ. ಸೀತಾಳೆ ಸಿಡುಬಿಗೆ ಮಾತ್ರವಲ್ಲ, ದಡಾರ, ಮಂಗನಬಾವು, ರುಬೆಲ್ಲಾ, ಹೆಪಟೈಟಿಸ್ ಬಿ ಇವಕ್ಕೂ. ಹಾಸನದಲ್ಲಿ ರಕ್ತ ಕೊಟ್ಟೆ, ಬೆಂಗಳೂರಿಗೆ ಕಳಿಸಿ ವರದಿ ತರಿಸಿದರು. ಪಾಸಿಟಿವ್ ಬಂದಿತ್ತು. ಇಂಥ ಒಂದು ಪರೀಕ್ಷೆ ಇದೆಯೆಂದು ನನಗೆ ಅದಕ್ಕೂ ಮೊದಲು ನಾನು ಕೇಳಿದ ಮೂರು ಕಡೆಗಳಲ್ಲಿ ಯಾರೂ ಹೇಳಿರಲಿಲ್ಲ.

ಮುಂಬೈನ ಪರೀಕ್ಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಾಸನದಿಂದ ಬೆಂಗಳೂರಿಗೆ ಬಸ್ಸು, ಅಲ್ಲಿಂದ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಹೆಚ್ಚುಕಡಿಮೆ ಇಡೀ ಒಂದು ದಿನ. ಜೊತೆಗೆ ನನ್ನ ಅಣ್ಣ ಇದ್ದ. ರಕ್ತ ಪರೀಕ್ಷೆ, ಎದೆಯ ಎಕ್ಸ್‌ರೇ, ವೈದ್ಯರ ತಪಾಸಣೆ ಆದ ಮೇಲೆ ಡಿ.ಎಸ್. 3025 ಎಂಬ ಲಸಿಕಾ ಪಟ್ಟಿಯನ್ನು ತೆರೆದು ಕುಳಿತ ವೈದ್ಯೆ ಸಾಲುಸಾಲಾಗಿ ಕೇಳುತ್ತ ಹೋದರು. ನನ್ನ ಹರಿದ ಕಾರ್ಡನ್ನು ಮೇಜಿನ ಮೇಲೆ ಎರಡೂ ತುಂಡು ಜೋಡಿಸಿ ಇಟ್ಟೆ. ಅವರು ಅದನ್ನು ಗೌರವದಿಂದಲೇ ನೋಡಿ, “ಇದರಲ್ಲಿ ಓದಲು ಏನೂ ಇಲ್ಲವಲ್ಲ,” ಎಂದು ಹಿಂದಿಯಲ್ಲಿ ಹೇಳಿ ಮೆಲ್ಲಗೆ ನನ್ನ ಕಡೆಗೆ ಸರಿಸಿದರು. ಸೀತಾಳೆ ಸಿಡುಬಿಗೆ ರಕ್ತದ ವರದಿ ನಡೆಯಿತು. ಎಂ.ಎಂ.ಆರ್., ಟಿಡ್ಯಾಪ್, ಹೆಪಟೈಟಿಸ್ ಬಿ ಮೂರನ್ನೂ ಒಂದೇ ದಿನ ಹಾಕಿದರು; ಎಡತೋಳಿಗೆ ಎರಡು, ಬಲತೋಳಿಗೆ ಒಂದು. ಆ ರಾತ್ರಿ ಲಾಡ್ಜಿನಲ್ಲಿ ಸಣ್ಣ ಜ್ವರ ಬಂತು, ಬೆಳಿಗ್ಗೆಗೆ ಇಳಿಯಿತು. ಅಷ್ಟೇ.

ಇಲ್ಲಿ ಒಂದು ವಿಷಯವನ್ನು ಮನೆಮನೆಯವರಿಗೂ ಮುಟ್ಟುವಂತೆ ಹೇಳಬೇಕು: ದಾಖಲೆ ಇಲ್ಲವೆಂಬ ಒಂದೇ ಕಾರಣಕ್ಕೆ ವೀಸಾ ತಪ್ಪಿಹೋಗುವುದಿಲ್ಲ. ಹೆಪಟೈಟಿಸ್ ಬಿಗೆ ಆರು ತಿಂಗಳಲ್ಲಿ ಮೂರು ಡೋಸ್, ಎಂ.ಎಂ.ಆರ್.ಗೆ ತಿಂಗಳ ಅಂತರದಲ್ಲಿ ಎರಡು ಡೋಸ್ ಎಂದು ಲೆಕ್ಕ ಹಾಕಿ ಹೆದರಿದವರು ಹಲವರಿದ್ದಾರೆ. ಆ ದಿನಕ್ಕೆ ಸಲ್ಲುವ ಒಂದೊಂದು ಡೋಸ್ ಹಾಕಿಸಿಕೊಂಡರೆ ಸಾಕು. ಉಳಿದ ಡೋಸ್‌ಗಳಿಗೆ ಇನ್ನೂ ಅಂತರ ತುಂಬಿಲ್ಲವೆಂದು ಗುರುತು ಹಾಕಲು ಆ ಪಟ್ಟಿಯಲ್ಲೇ ಜಾಗವಿದೆ. ವಯಸ್ಸಿಗೆ ಸಲ್ಲದು, ವೈದ್ಯಕೀಯ ಕಾರಣದಿಂದ ಕೂಡದು, ಫ್ಲೂ ಕಾಲವಲ್ಲ ಎಂದು ಬರೆಯಲೂ ಜಾಗವಿದೆ.

ಇದು ಗೊತ್ತಿಲ್ಲದೆ ಆಲೂರು ಕಡೆಯ ನಮ್ಮ ದೂರದ ಸಂಬಂಧಿಯೊಬ್ಬಳು ಪಟ್ಟ ಪಾಡು ನನ್ನ ಕಣ್ಣಮುಂದಿದೆ. ಸಂದರ್ಶನಕ್ಕೆ ಕರೆ ಬಂದಾಗ ಅವಳು ಮೂರು ತಿಂಗಳ ಗರ್ಭಿಣಿ. ಎಂ.ಎಂ.ಆರ್. ಮತ್ತು ಸೀತಾಳೆ ಸಿಡುಬಿನ ಲಸಿಕೆಗಳಲ್ಲಿ ದುರ್ಬಲಗೊಳಿಸಿದ ಜೀವಂತ ವೈರಾಣು ಇರುವುದರಿಂದ ಗರ್ಭಿಣಿಯರಿಗೆ ಅವನ್ನು ಕೊಡುವಂತಿಲ್ಲ. ಯಾರೋ ಏಜೆಂಟರು, ಲಸಿಕೆ ಇಲ್ಲದಿದ್ದರೆ ವೀಸಾ ಇಲ್ಲ ಎಂದುಬಿಟ್ಟರು. ಮನೆಯಲ್ಲಿ ಅತ್ತೆ ಅಳುತ್ತ ಕುಳಿತರು. ಗಂಡ ಫೋನಿನಲ್ಲೇ ಸಂದರ್ಶನವನ್ನು ಮುಂದೂಡಿಸಿದ. ಹೆರಿಗೆ ಇಲ್ಲಿಯೇ ಆಯಿತು. ಆಮೇಲೆ ಕೂಸಿನ ಕಾಗದಪತ್ರ ಬೇರೆ. ಮಗು ಹುಟ್ಟಿ ಎಂಟು ತಿಂಗಳಾದ ಮೇಲೆ ಅಪ್ಪ ಅದರ ಮುಖ ನೋಡಿದ. ಗರ್ಭಿಣಿಗೆ ಆ ಎರಡು ಲಸಿಕೆ ಸಲ್ಲದು ಎಂದು ವೈದ್ಯರು ಪಟ್ಟಿಯಲ್ಲಿ ಒಂದು ಗುರುತು ಹಾಕಿದ್ದರೆ ಮುಗಿಯುತ್ತಿತ್ತು. ಅದಕ್ಕೆ ಬೇರೆ ಅರ್ಜಿಯೂ ಬೇಡ, ಶುಲ್ಕವೂ ಬೇಡ. ಈ ಒಂದು ಮಾತನ್ನು ಅವಳಿಗೆ ನಮ್ಮ ಜಿಲ್ಲೆಯಲ್ಲಿ ಹೇಳುವವರು ಒಬ್ಬರಾದರೂ ಇದ್ದಿದ್ದರೆ ಎಂದು ಈಗಲೂ ಹೊಟ್ಟೆ ಉರಿಯುತ್ತದೆ.

ಚಿಕ್ಕಮಗಳೂರಿನ ಒಬ್ಬ ಹುಡುಗನದು ಇನ್ನೊಂದು ಬಗೆ. ಅವನ ಹೆಂಡತಿ ಅಲ್ಲಿ, ಇವನು ಇಲ್ಲಿ. ಮುಂಚೆಯೇ ಎಲ್ಲ ಮುಗಿಸಿಕೊಳ್ಳೋಣವೆಂದು ಒಂದು ಕ್ಲಿನಿಕ್ಕಿನಲ್ಲಿ ಎಂ.ಎಂ.ಆರ್. ಹಾಕಿಸಿಕೊಂಡು, ಅಲ್ಲಿ ಸೀತಾಳೆ ಸಿಡುಬಿನ ಲಸಿಕೆಯ ದಾಸ್ತಾನು ಇಲ್ಲದ್ದರಿಂದ ಹನ್ನೆರಡು ದಿನ ಬಿಟ್ಟು ಇನ್ನೊಂದು ಕಡೆ ಅದನ್ನು ಹಾಕಿಸಿಕೊಂಡ. ಜೀವಂತ ವೈರಾಣುವಿನ ಎರಡು ಲಸಿಕೆಗಳನ್ನು ಒಂದೇ ದಿನ ಹಾಕಬೇಕು, ಇಲ್ಲವೇ ನಡುವೆ 28 ದಿನ ಬಿಡಬೇಕು. ಎರಡನೆಯದು ಲೆಕ್ಕಕ್ಕೆ ಬರಲಿಲ್ಲ, ಮತ್ತೆ ಹಾಕಿಸಿಕೊಳ್ಳಬೇಕಾಯಿತು. ದುಡ್ಡು ಹೋದದ್ದಕ್ಕಿಂತ, ಎರಡು ಕಡೆಯೂ ಕೇಳುವವರು ಹೇಳುವವರು ಇರಲಿಲ್ಲವೆಂಬುದು ಬೇಸರದ ಸಂಗತಿ. ಹೆಣ್ಣುಮಕ್ಕಳಿಗೆ ಇದರ ಜೊತೆಗೆ ಇನ್ನೊಂದು ಎಚ್ಚರ: ಈ ಲಸಿಕೆಗಳನ್ನು ಹಾಕಿಸಿಕೊಂಡ ಮೇಲೆ ಒಂದು ತಿಂಗಳು ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು. ರಜೆಯ ಮೇಲೆ ಗಂಡ ಊರಿಗೆ ಬಂದಾಗಲೇ ಲಸಿಕೆಯ ಓಡಾಟವನ್ನೂ ಇಟ್ಟುಕೊಳ್ಳುವ ನಮ್ಮ ಮನೆಗಳಲ್ಲಿ ಈ ಮಾತನ್ನು ಯಾರೂ ಆಡುವುದಿಲ್ಲ. ನಾಚಿಕೆ ಬಿಟ್ಟು ಆಡಬೇಕು.

ದುಡ್ಡು ಕೊಟ್ಟರೆ ಹಿಂದಿನ ದಿನಾಂಕ ಹಾಕಿ ಲಸಿಕೆ ಕಾರ್ಡ್ ಮಾಡಿಕೊಡುತ್ತೇವೆಂದು ಹೇಳುವವರೂ ಇದ್ದಾರೆ. ನನಗೂ ಹೇಳಿದ್ದರು. ದಯವಿಟ್ಟು ಯಾರೂ ಆ ದಾರಿ ಹಿಡಿಯಬೇಡಿ. ದಾಖಲೆ ಇಲ್ಲದವರಿಗೆ ಪರಿಹಾರ ಮೂರು ಸೂಜಿ. ಸುಳ್ಳು ದಾಖಲೆ ಕೊಟ್ಟು ಸಿಕ್ಕಿಬಿದ್ದವರಿಗೆ ಆ ದೇಶದ ಬಾಗಿಲು ಜೀವಮಾನವಿಡೀ ಮುಚ್ಚಬಹುದು.

ಮಾನ್ಯ ಅಧಿಕಾರಿಗಳೇ, ಈಗ ತಮ್ಮಲ್ಲಿ ನನ್ನ ಬಿನ್ನಹ. ಮೊದಲನೆಯದು ಮತ್ತು ಎಲ್ಲಕ್ಕಿಂತ ಮುಖ್ಯವಾದದ್ದು, ಪ್ರಾಥಮಿಕ ಆರೋಗ್ಯ ಕೇಂದ್ರಗಳಿಂದ ಲಸಿಕೆಯ ದಾಖಲೆಯ ದೃಢೀಕೃತ ನಕಲನ್ನು ಪಡೆಯಲು ಒಂದೇ ಮಾದರಿಯ ನಮೂನೆಯನ್ನು ಎರಡೂ ಜಿಲ್ಲೆಗಳಲ್ಲಿ ಜಾರಿಗೆ ತನ್ನಿ. ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಇರಲಿ. ಲಸಿಕೆಯ ಪೂರ್ತಿ ಹೆಸರು, ದಿನಾಂಕ, ತಿಳಿದಿದ್ದರೆ ಬ್ಯಾಚ್ ಸಂಖ್ಯೆ, ವೈದ್ಯಾಧಿಕಾರಿಯ ಸಹಿ ಮತ್ತು ಮೊಹರು ಇರಲಿ. ರಿಜಿಸ್ಟರ್ ಇಲ್ಲದಿದ್ದರೆ ‘ಈ ಅವಧಿಯ ದಾಖಲೆ ಲಭ್ಯವಿಲ್ಲ’ ಎಂದಾದರೂ ಬರೆದುಕೊಡಲಿ, ಅಲೆಯುವುದಾದರೂ ತಪ್ಪುತ್ತದೆ. ಜಾತಿ, ಆದಾಯ ಪ್ರಮಾಣಪತ್ರಗಳಂತೆ ಇದಕ್ಕೂ ಸಕಾಲದಡಿ ಇಷ್ಟು ದಿನವೆಂದು ಗೊತ್ತುಪಡಿಸುವಂತೆ ಸರ್ಕಾರಕ್ಕೆ ಬರೆಯಿರಿ. ಈಗಿನ ಮಕ್ಕಳಿಗೂ ಗರ್ಭಿಣಿಯರಿಗೂ ಲಸಿಕೆಯ ಆನ್‌ಲೈನ್ ದಾಖಲೆ ಇಡುವ ಯು-ವಿನ್ ಬಂದಿದೆ, ಅವರಿಗೆ ಈ ತೊಂದರೆ ಬಾರದು. ಆದರೆ ಯು-ವಿನ್‌ಗೆ ಮುಂಚಿನವರ ದಾಖಲೆಗಳು ಇನ್ನೂ ತಮ್ಮ ಬೀರುಗಳ ಕೆಳಗಿನ ಅರೆಗಳಲ್ಲೇ ಇವೆ. 2008ರ ಆ ಪುಸ್ತಕದಲ್ಲಿ ಹೆಸರಿರುವ ಕೂಸುಗಳಿಗೆ ಇಂದು ಹದಿನೇಳು, ಹದಿನೆಂಟು ವರ್ಷ; ಇನ್ನೈದು ವರ್ಷದಲ್ಲಿ ಅವರೂ ಓದಿಗೋ ಕೆಲಸಕ್ಕೋ ಮದುವೆಗೋ ಹೊರಡುತ್ತಾರೆ. ಗೆದ್ದಲಿಗಿಂತ ಮುಂಚೆ ಆ ಪುಟಗಳ ಫೋಟೋ ತೆಗೆದಿಡುವುದು ದೊಡ್ಡ ಖರ್ಚಿನ ಕೆಲಸವಲ್ಲ.

ಎರಡನೆಯದು, ದೊಡ್ಡವರಿಗೆ ಲಸಿಕೆ ಹಾಕುವ ಒಂದು ಜಾಗ. ಹಾಸನದಲ್ಲಿ ವೈದ್ಯಕೀಯ ಕಾಲೇಜಿನ ಬೋಧನಾ ಆಸ್ಪತ್ರೆ ಇದೆ, ಚಿಕ್ಕಮಗಳೂರಿನಲ್ಲೂ ಜಿಲ್ಲಾ ಆಸ್ಪತ್ರೆ ಇದೆ. ವಾರಕ್ಕೆ ಒಂದು ದಿನ, ದುಡ್ಡು ಪಡೆದೇ, ಎಂ.ಎಂ.ಆರ್., ಸೀತಾಳೆ ಸಿಡುಬು, ಹೆಪಟೈಟಿಸ್ ಬಿ ಮತ್ತು ಟಿ.ಡಿ. ದೊರೆಯುವಂತಾದರೆ, ಅಂತರದ ಲೆಕ್ಕ ಬಲ್ಲ ಒಬ್ಬರು ಅಲ್ಲಿ ಕುಳಿತಿದ್ದರೆ, ಶೃಂಗೇರಿ ಕೊಪ್ಪದವರಾಗಲಿ ಅರಸೀಕೆರೆಯವರಾಗಲಿ ಬೆಂಗಳೂರಿಗೆ ಓಡಬೇಕಾಗಿಲ್ಲ.

ಹೊರದೇಶಕ್ಕೆ ಹೋಗುವ ಅನುಕೂಲಸ್ಥರಿಗಾಗಿ ಸರ್ಕಾರ ಏಕೆ ಶ್ರಮಪಡಬೇಕು ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ನಾನು ಬಿಟ್ಟಿ ಲಸಿಕೆ ಕೇಳುತ್ತಿಲ್ಲ. ಕೇಳುತ್ತಿರುವುದು ನಮ್ಮದೇ ಮೈಗೆ ತಾವೇ ಮಾಡಿದ ಉಪಕಾರದ ಲಿಖಿತ ಪ್ರತಿಯನ್ನು. ಅದು ಬೇಕಾಗುವುದು ವಲಸೆ ಹೋಗುವವರಿಗಷ್ಟೇ ಅಲ್ಲ. ಆಸ್ಪತ್ರೆಯ ಕೆಲಸಕ್ಕೆ ಸೇರುವ ನರ್ಸಿಂಗ್ ವಿದ್ಯಾರ್ಥಿನಿಯರಿಗೂ ಬೇಕು, ಹೊರಗೆ ಓದಲು ಹೋಗುವ ಹುಡುಗರಿಗೂ ಬೇಕು. ಇನ್ನು ರುಬೆಲ್ಲಾದ ಮಾತು ಇಲ್ಲೇ ಉಳಿಯುವವರದೂ ಹೌದು. ಗರ್ಭದ ಮೊದಲ ಮೂರು ತಿಂಗಳಲ್ಲಿ ತಾಯಿಗೆ ಆ ಸೋಂಕು ತಗುಲಿದರೆ ಮಗು ಕಿವುಡಾಗಿ, ಕಣ್ಣಿನ ಪೊರೆಯೊಂದಿಗೆ, ಹೃದಯದ ದೋಷದೊಂದಿಗೆ ಹುಟ್ಟಬಹುದು. 2017ರ ಅಭಿಯಾನದ ವಯಸ್ಸಿನ ಗೆರೆಯ ಆಚೆ ಉಳಿದ ನನ್ನ ಓರಗೆಯ ಹೆಂಗಸರೇ ಈಗ ತಾಯಂದಿರಾಗುತ್ತಿರುವವರು. ನನಗೆ ಆ ಲಸಿಕೆ ಸಿಕ್ಕಿದ್ದು ಅಮೆರಿಕದ ಕಾನೂನು ಕೇಳಿದ್ದರಿಂದ. ನಮ್ಮ ಶಾಲೆಯಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದ, ಬರುವ ಯುಗಾದಿಗೆ ಬೇಲೂರಿಗೆ ಸೊಸೆಯಾಗಿ ಹೋಗಲಿರುವ ಕನ್ನಡ ಮೇಡಂಗೆ ಅದನ್ನು ಯಾರು ಕೇಳುತ್ತಾರೆ? ಮದುವೆಗೆ ಮುಂಚೆ ಬಯಸಿದವರಿಗೆ ಎಂ.ಎಂ.ಆರ್. ಅಥವಾ ಎಂ.ಆರ್. ಸಿಗುವ ವ್ಯವಸ್ಥೆಯಾದರೆ ನನ್ನ ಈ ಪತ್ರಕ್ಕಿಂತ ದೊಡ್ಡ ಕೆಲಸ ಅದು.

ನಾನು ಮುಂದಿನ ತಿಂಗಳು ಹೊರಡುತ್ತೇನೆ. ಎಂ.ಎಂ.ಆರ್.ನ ಎರಡನೆಯ ಡೋಸ್ ಆಗಿದೆ, ಹೆಪಟೈಟಿಸ್ ಬಿಯ ಎರಡನೆಯದೂ ಆಗಿದೆ. ಮೂರನೆಯದನ್ನು ಅಲ್ಲಿ ಹಾಕಿಸಿಕೊಳ್ಳಬೇಕು. ಈ ಸಲ ಪ್ರತಿ ಡೋಸ್‌ನ ಬಾಟಲಿಯ ಮೇಲಿನ ಅಂಟುಚೀಟಿಯನ್ನು ಕೇಳಿ ಪಡೆದು ಕಾರ್ಡಿಗೆ ಅಂಟಿಸಿದ್ದೇನೆ. ಅವ್ವನ ಹರಿದ ಕಾರ್ಡಿನ ಎರಡೂ ತುಂಡುಗಳ ಬಣ್ಣದ ನಕಲನ್ನೂ, ನನಗೆ ತಿಳಿದಮಟ್ಟಿಗೆ ತಯಾರಿಸಿದ ಒಂದು ಪುಟದ ನಮೂನೆಯ ಕರಡನ್ನೂ ಈ ಪತ್ರದ ಜೊತೆ ಲಗತ್ತಿಸಿ ಎರಡೂ ಜಿಲ್ಲಾ ಕಚೇರಿಗಳ ಟಪಾಲಿಗೆ ಕೊಟ್ಟು ಸ್ವೀಕೃತಿ ಪಡೆಯುತ್ತೇನೆ. ಕರಡಿನಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳಿ. ಕರೆದರೆ, ಹೊರಡುವ ಮುಂಚೆ ಯಾವ ದಿನ ಬೇಕಾದರೂ ಬಂದು ವಿವರಿಸುತ್ತೇನೆ; ನಾನು ಹೋದ ಮೇಲೆ ಅಣ್ಣ ಬರುತ್ತಾನೆ.

ಇಂತಿ ತಮ್ಮ ವಿಶ್ವಾಸಿ,
ಸಕಲೇಶಪುರ ತಾಲ್ಲೂಕಿನ ಒಬ್ಬ ಶಿಕ್ಷಕಿ